ಬಾಯ್ಲರಿನ ಸೀರೆ, ಹುಲಿಗೆವ್ವನ ಕಂಕಣ

ಉಗಿ ಎಬ್ಬಿಸುವ ಬಾಯ್ಲರಿಗೂ ನಮ್ಮ ಹಾಗೆ ಮೈಯರಿವು ಇದ್ದಿದ್ದರೆ? ಎಲ್ಲಿ ಬಿಗಿಯುತ್ತಿದೆ, ಎಲ್ಲಿ ಉರಿಯುತ್ತಿದೆ ಎಂದು ಸಿಡಿಯುವ ಮೊದಲೇ ಅದು ಯಾರಿಗಾದರೂ ಹೇಳಿಕೊಳ್ಳುತ್ತಿತ್ತು. ಆದರೆ ಹೇಳುವುದೊಂದಿದ್ದರೆ ಸಾಲದು, ಕೇಳುವವನೊಬ್ಬ ಬೇಕು. ಕಾರಟಗಿಯ ಹೊರಗೆ, ಕಾಲುವೆ ದಂಡೆಯ ಅಕ್ಕಿ ಗಿರಣಿಯಲ್ಲಿ, ಹಾಗೆ ಕೇಳುವವನ ಹೆಸರು ಯಮನೂರಪ್ಪ.

ಕೇಳುವುದು ಅವನಿಗೆ ಹೊಸದಲ್ಲ. ಚಿಕ್ಕಂದಿನಲ್ಲಿ ಶ್ರಾವಣ ಬಂತೆಂದರೆ ಮಠದಲ್ಲಿ ಪುರಾಣ ಹಚ್ಚುತ್ತಿದ್ದರು. ಶಾಸ್ತ್ರಿಗಳು ಒಂದು ಪದ್ಯ ಹಾಡಿ, ಅರ್ಥ ಹೇಳಿ, ಉಸಿರು ತೆಗೆದುಕೊಳ್ಳುವಾಗ ಎದುರಿಗೆ ಕುಳಿತವರೊಬ್ಬರು ‘ಹೂಂ’ ಎನ್ನಬೇಕು. ಹೂಂಗುಟ್ಟುವವರಿಲ್ಲದ ಪುರಾಣ ಎಣ್ಣೆಯಿಲ್ಲದ ದೀಪ ಎಂದು ಶಾಸ್ತ್ರಿಗಳೇ ಹೇಳುತ್ತಿದ್ದರು. ಯಮನೂರಪ್ಪನ ಹೂಂ ಹದವಾದದ್ದು. ಪದ್ಯದ ಕೊನೆಯ ಅಕ್ಷರ ಗಾಳಿಯಲ್ಲಿ ಇನ್ನೂ ನಿಂತಿರುವಾಗಲೇ ಅದರ ಬೆನ್ನಿಗೆ ಕೈಯಿಟ್ಟಂತೆ ಬರುತ್ತಿತ್ತು. ಮಾತು ಕಡಿಮೆ, ಹೂಂ ಹೆಚ್ಚು; ಅದೇ ಅವನ ಸ್ವಭಾವವಾಗಿ ಉಳಿಯಿತು.

ಆದರೆ ಅವನು ಫೈರ್‌ಮನ್ ಆಗಿದ್ದ ಹಳೆಯ ಬಾಯ್ಲರು ಒಂದು ದಿನ ಏನೋ ಹೇಳಿದ್ದನ್ನು ಅವನು ಕೇಳಿಸಿಕೊಳ್ಳಲಿಲ್ಲ. ಜೊತೆಗಾರ ಸಣ್ಣೆಪ್ಪನನ್ನು ಒಲೆಯ ಮುಂದೆ ಬಿಟ್ಟು ಚಹಾ ಕುಡಿಯಲು ಗೇಟಿಗೆ ಹೋಗಿದ್ದ. ಚಹಾದ ಕಪ್ ತುಟಿಗೆ ತಾಗುವ ಮೊದಲೇ ನೆಲ ನಡುಗಿತು. ತಿರುಗಿ ನೋಡಿದರೆ ಬಾಯ್ಲರ್ ಮನೆಯ ತಗಡು ಆಕಾಶದಲ್ಲಿತ್ತು. ಬಿಳಿ ಉಗಿಯೊಳಗೆ ನುಗ್ಗಿ ಸಣ್ಣೆಪ್ಪನನ್ನು ಎಳೆದು ತಂದನೇನೋ ನಿಜ, ಅವನು ಉಳಿಯಲಿಲ್ಲ. ಯಮನೂರಪ್ಪನ ಬಲಗೈ ಬೆರಳ ತುದಿಯಿಂದ ಮೊಣಕೈಯವರೆಗೆ ಬೆಂದುಹೋಯಿತು.

ಆ ಕೈಗೆ ಹೊಸ ತೊಗಲು ಕೊಟ್ಟವರು ಹೊಸಪೇಟೆಯ ಪ್ರಯೋಗಶಾಲೆಯ ಡಾಕ್ಟರ್ ನಜ್ಮಾ. ಗಾಜಿನ ತಟ್ಟೆಯಲ್ಲಿ ಬೆಳೆಸಿದ ತೊಗಲು. ಅದರೊಳಗೆ ಕೂದಲಿಗಿಂತ ಸಣ್ಣ ಎಳೆಗಳು. ಒತ್ತಿದರೆ, ಕಾಸಿದರೆ, ಎಳೆದರೆ ಆ ಎಳೆಗಳು ಕಿಂಚಿತ್ತು ವಿದ್ಯುತ್ತು ಹುಟ್ಟಿಸುತ್ತವೆ. ತೋಳಿಗೆ ಕಟ್ಟಿದ ಪಟ್ಟಿಯೊಂದು ಅದನ್ನು ಉಳಿದ ನರಕ್ಕೆ ದಾಟಿಸುತ್ತದೆ. ಅದೇ ಎಳೆಗಳನ್ನು ನೇಯ್ದು ನಜ್ಮಾ ಮೇಡಂ ಇನ್ನೊಂದು ಬಟ್ಟೆ ಮಾಡಿದ್ದರು, ಬೆಂಕಿಗೆ ಜಗ್ಗದ್ದು. ಗಿರಣಿಯ ಹೊಸ ಬಾಯ್ಲರಿಗೆ ಅದನ್ನು ಸುತ್ತಿಸಿದಾಗ ಕೆಲಸದವರು ನೋಡಿ, “ದೊಡ್ಡವ್ವಗ ಸೀರಿ ಉಡಿಸ್ಯಾರ!” ಎಂದು ನಕ್ಕರು. ಬಾಯ್ಲರಿನ ಹೆಸರು ದೊಡ್ಡವ್ವ. ಅಂದಿನಿಂದ ಆ ಬಟ್ಟೆಯ ಹೆಸರು ಸೀರೆ.

“ಒಂದು ಮಾತು ಮೊದಲೇ ಹೇಳ್ತೀನಿ, ಕಾಕಾ,” ಎಂದಿದ್ದರು ನಜ್ಮಾ, ಪ್ರಯೋಗಶಾಲೆಯ ಮೇಜಿನ ಮೇಲೆ ಅವನ ತೋಳು ಹಿಡಿದುಕೊಂಡು. “ನಿಮ್ಮ ಕೈಯಾಗ ಉಳಿದಿರೋದು ಒಂದ ನರ. ಕಿರುದಾರಿ ಇದ್ದಂಗ, ಒಂದು ಸಲಕ್ಕ ಒಂದ ಬಂಡಿ. ಪಟ್ಟಿ ಈ ಕಡೆ ತಿರುವಿದ್ರ ನಿಮ್ಮ ಕೈ ನಿಮಗ ಗೊತ್ತಾಗ್ತದ. ಆ ಕಡೆ ತಿರುವಿದ್ರ ಬಾಯ್ಲರಿನ ಮೈ ನಿಮ್ಮ ಕೈಯಾಗ ಗೊತ್ತಾಗ್ತದ. ಎರಡೂ ಕೂಡಿ ಆಗಂಗಿಲ್ಲ.”

“ಇಷ್ಟೆಲ್ಲ ಮಾಡೋ ಯಂತ್ರ ತಾನ ಕೂಗಿ ಹೇಳಬಾರದೇನ್ರಿ?”

“ಕೂಗ್ತದ. ದಿನಕ್ಕ ನೂರು ಸಲ ಕೂಗ್ತದ. ಅದಕ್ಕ ಜನ ಕಿವಿ ಮುಚ್ಚಿಕೊಳ್ತಾರ.” ನಜ್ಮಾ ನಕ್ಕರು. “ನೋವಿಗೆ ಮಾತ್ರ ಯಾರೂ ಕಿವಿ ಮುಚ್ಚಂಗಿಲ್ಲ ನೋಡ್ರಿ.”

“ಹೂಂ,” ಎಂದ ಯಮನೂರಪ್ಪ.

ಅಂದಿನಿಂದ ಅವನ ಅಂಗೈ ದೊಡ್ಡವ್ವನ ಒಲೆಯಾಯಿತು, ಬೆರಳುಗಳು ನೀರಿನ ಕೊಳವೆಗಳಾದವು. ಉಗಿ ಹೊರಬೀಳುವ ಕುತ್ತಿಗೆ, ಅದರ ಮೇಲಿನ ಸೇಫ್ಟಿ ವಾಲ್ವು, ಇವು ಮಣಿಕಟ್ಟಿನಲ್ಲಿ ಬಂದು ನೆಲೆಸಿದವು. ನೀರು ತುಸು ಇಳಿದರೆ ಬೆರಳ ತುದಿ ಚುರುಗುಟ್ಟುತ್ತಿತ್ತು. ಕೊಳವೆಯಲ್ಲಿ ಸುಣ್ಣ ಕಟ್ಟಿದರೆ ನವೆಯಾಗುತ್ತಿತ್ತು. ಕಂಟ್ರೋಲ್ ರೂಮಿನಲ್ಲಿ ಕುಳಿತು ಅವನು ಕೈ ಕೆರೆದುಕೊಂಡರೆ ಸಾಕು, ಫೈರ್‌ಮನ್ ಮೌಲಾಸಾಬ ಕಿಟಕಿಯಿಂದಲೇ ಕೂಗುತ್ತಿದ್ದ: “ಯಣ್ಣಾ, ದೊಡ್ಡವ್ವಗ ಹೇನು ಆಗ್ಯಾವೇನು? ತೊಳೀಲೇನು?” ಸೀರೆ ಉಟ್ಟ ಮೇಲೆ ಆ ಗಿರಣಿಯಲ್ಲಿ ಒಬ್ಬರಿಗೂ ಒಂದು ಬೊಬ್ಬೆ ಎದ್ದಿರಲಿಲ್ಲ.

ಬೊಬ್ಬೆ ಏಳುತ್ತಿದ್ದುದು ಮನೆಯಲ್ಲಿ.

“ಅಯ್ಯ ನಮ್ಮವ್ವ! ತೆಗೀರಿ ಕೈ!” ಎಂದು ಹೆಂಡತಿ ಹುಲಿಗೆವ್ವ ಚೀರಿದಾಗ ಯಮನೂರಪ್ಪ ತನ್ನ ಬಲಗೈಯನ್ನು ನೋಡಿಕೊಂಡ. ರೊಟ್ಟಿ ತೆಗೆದುಕೊಳ್ಳಲು ಚಾಚಿದ ಕೈ ಕಾದ ಹಂಚಿನ ಮೇಲೆ ಕುಳಿತಿತ್ತು. ಅವನಿಗೆ ಏನೂ ತಿಳಿದಿರಲಿಲ್ಲ. ಅರ್ಧ ಹರದಾರಿ ಆಚೆ ದೊಡ್ಡವ್ವ ತಣ್ಣಗೆ ಉಸಿರಾಡುತ್ತಿದ್ದುದಷ್ಟೇ ತಿಳಿಯುತ್ತಿತ್ತು.

“ಆಕಿಗೆ ಚುರುಕ್ ಅಂದ್ರ ಊಟ ಬಿಟ್ಟು ಓಡ್ತೀರಿ. ಸ್ವಂತ ಕೈ ಸುಟ್ರ ನಾ ಹೇಳಬೇಕು,” ಎನ್ನುತ್ತ ಹುಲಿಗೆವ್ವ ಕೊಬ್ಬರಿ ಎಣ್ಣೆ ತಂದು ಹಚ್ಚತೊಡಗಿದಳು. “ಎಂಥಾ ಸವತೀನ ಕಟ್ಟಿಕೊಂಡಿರೀ! ಸೀರಿ ಉಡ್ತಾಳ, ಹೊಟ್ಟಿತುಂಬ ಭತ್ತದ ಹೊಟ್ಟು ತಿಂತಾಳ, ಹಗಲೆಲ್ಲ ಕುದೀತಾಳ.”

“ಕುದಿಯೋದು ನೀನೂ ಕುದೀತಿ,” ಎಂದ ಅವನು.

“ಕುದ್ದರೂ ನಾ ಸಿಡಿಯಂಗಿಲ್ಲ. ಅದಕ್ಕ ನನ್ನ ಕಡೆ ಲಕ್ಷ್ಯ ಇಲ್ಲ ನಿಮಗ.”

ನಗುತ್ತಲೇ ಅಂದಳು. ಆದರೆ ಎಣ್ಣೆ ಹಚ್ಚುವ ಬೆರಳು ಒಂದು ಗಳಿಗೆ ನಿಂತಿತು. ಯಮನೂರಪ್ಪ ತೋಳಿನ ಪಟ್ಟಿಯನ್ನು ಮನೆಯ ಕಡೆಗೆ, ಎಂದರೆ ತನ್ನ ಕೈಯ ಕಡೆಗೆ, ತಿರುಗಿಸಿದ್ದೇ ಇಲ್ಲ. ಪಾಳಿ ಮುಗಿಸಿ ಬಂದರೂ ಇಲ್ಲ, ಮಲಗಿದರೂ ಇಲ್ಲ. ತಿರುಗಿಸಿದ ಆ ಹೊತ್ತಿನಲ್ಲೇ ದೊಡ್ಡವ್ವ ಏನಾದರೂ ಹೇಳಿಬಿಟ್ಟರೆ? ಒಂದು ಕಪ್ ಚಹಾಕ್ಕೆ ಒಬ್ಬ ಗೆಳೆಯನನ್ನು ತೆತ್ತವನು ಅವನು. ಹುಲಿಗೆವ್ವನಿಗೆ ಇದು ತಿಳಿದಿತ್ತು. ತಿಳಿದೇ, ಸವತಿ ಎಂಬ ನಗೆಚಾಟಿಕೆಯೊಳಗೆ ತನ್ನ ನೋವನ್ನು ಮಡಿಚಿಟ್ಟುಕೊಂಡಿದ್ದಳು. ಹೊಸ ಕೈ ಬಂದ ಮೇಲೆ ಗಂಡನಿಗೆ ಅವಳ ಕೈ ಒಮ್ಮೆಯೂ ಗೊತ್ತಾಗಿರಲಿಲ್ಲ.

ಅರಿವಿಲ್ಲದ ಬೆರಳಿಗೆ ಗಂಟು ಹಾಕಲು ಬರುವುದಿಲ್ಲ. ದಾರ ಎಲ್ಲಿದೆ ಎಂದೇ ಅವಕ್ಕೆ ತಿಳಿಯದು. ಅದಕ್ಕೇ ಯಮನೂರಪ್ಪ ಗಂಟಿನ ಬದಲು ತಂತಿ ಕಲಿತಿದ್ದ. ಅಂಗಿಯ ಕಿಸೆಯಲ್ಲಿ ಸದಾ ಒಂದು ಇಕ್ಕಳ, ಒಂದು ಸುರುಳಿ ಕಬ್ಬಿಣದ ತಂತಿ. ಬುತ್ತಿ ಚೀಲಕ್ಕೆ ತಂತಿ, ಮಂಚದ ನುಲಿಗೆ ತಂತಿ, ಎಮ್ಮೆಯ ಕೊರಳ ಗಂಟೆಗೂ ತಂತಿ. “ಲಾಡಿಗೆ ಮಾತ್ರ ಬ್ಯಾಡ್ರೀ, ಅಡಚಣಿ ಆದೀತು,” ಎಂದು ಹುಲಿಗೆವ್ವ ನೆರೆಹೊರೆಯವರ ಮುಂದೆಯೇ ಕಾಡಿಸುತ್ತಿದ್ದಳು.

ಆ ವರ್ಷದ ಆಯುಧಪೂಜೆ ಬಂತು. ಹಿಂದಿನ ದಿನವೇ ಒಲೆ ಆರಿಸಿ ದೊಡ್ಡವ್ವನನ್ನು ತಣಿಸಿದ್ದರು. ಬೆಳಿಗ್ಗೆ ಕೆಲಸದವರೆಲ್ಲ ಹೆಂಡಿರು ಮಕ್ಕಳ ಸಮೇತ ಬಂದರು. ಮೌಲಾಸಾಬ ನೆಲ ತೊಳೆದು, ಬಾಳೆಕಂಬ ನಿಲ್ಲಿಸಿ, ತಾನೇ ಏಣಿ ಹತ್ತಿ ಮಾವಿನ ತೋರಣ ಕಟ್ಟಿದ. ಯಮನೂರಪ್ಪ ಎಡಗೈಯಿಂದ ಬಾಯ್ಲರಿನ ಹಣೆಗೆ ವಿಭೂತಿ ಎಳೆದ. ಎಳೆದದ್ದು ಅಲ್ಲಿ, ತಂಪಾದದ್ದು ಇಲ್ಲಿ. ಬಲಗೈಯ ಹಿಂಬದಿಯಲ್ಲಿ ಮೂರು ಬೆರಳು ಹಗುರವಾಗಿ ಹರಿದುಹೋದವು. ಕಣ್ಣು ತಾನಾಗಿ ಮುಚ್ಚಿತು. ದೇವರಿಗೆ ಪೂಜೆ ಮಾಡಿದವರುಂಟು. ದೇವರ ಮೈಮೇಲಿನ ಪೂಜೆಯನ್ನು ತನ್ನ ಮೈಯಲ್ಲಿ ಅರಿತವರು ಎಷ್ಟು ಜನ ಎಂದುಕೊಂಡ.

ಅಷ್ಟರಲ್ಲಿ ಕಂಟ್ರೋಲ್ ರೂಮಿನ ಎಚ್ಚರಿಕೆಯ ಪರದೆ ಕೀಚುಗುಟ್ಟಿತು. ಫೋನಿನಲ್ಲಿ ನಜ್ಮಾ ನಗುತ್ತಿದ್ದರು. “ಹೋದ ವರ್ಷನೂ ಹಿಂಗ ಆಗಿತ್ತು, ಕಾಕಾ. ನೀವು ಒಂದು ಕುಂಕುಮದ ಬೊಟ್ಟು ಇಟ್ರ ಇಲ್ಲಿ ಹತ್ತು ಸಲ ಕೂಗ್ತದ. ಇವತ್ತೊಂದು ದಿನ ಅದರ ಬಾಯಿ ಮುಚ್ಚಿಸ್ತೀನಿ. ನೀವಂತೂ ಅದೀರಲ್ಲ.”

“ಹೂಂ, ಅದೀನ್ರಿ.”

ಕೊನೆಗೆ ಹಾರ. ಚೆಂಡು ಹೂವಿನ ಭಾರವಾದ ಹಾರ. ಸೇಫ್ಟಿ ವಾಲ್ವಿನಿಂದ ಒಂದು ಕಬ್ಬಿಣದ ಸರಳು ಉದ್ದಕ್ಕೆ ಚಾಚಿಕೊಂಡಿತ್ತು, ತುದಿಯಲ್ಲಿ ಗುಂಡು. ಒಳಗಿನ ಉಗಿ ಅಳತೆ ಮೀರಿದರೆ ಆ ಸರಳು ತಾನೇ ಮೇಲೆದ್ದು, ಹೆಚ್ಚಾದ ಉಗಿ ಬುಸ್ಸೆಂದು ಹೊರಹೋಗಬೇಕು. ಪ್ರತಿ ವರ್ಷ ಹಾರ ಹಾಕುವುದು ಆ ಸರಳಿಗೇ, ಯಾಕೆಂದರೆ ಕೊರಳಿನಂತೆ ಇದ್ದದ್ದು ಅದೊಂದೇ. ಈ ಸಲದ ಹಾರ ಜಾರಿ ಜಾರಿ ಬೀಳುತ್ತಿತ್ತು. ಯಮನೂರಪ್ಪ ಕಿಸೆಯಿಂದ ಇಕ್ಕಳ ತೆಗೆದ. ಹಾರವನ್ನೂ ಸರಳನ್ನೂ ಸೇರಿಸಿ, ಕೆಳಗಿನ ಕೊಳವೆಗೆ ತಂತಿ ಸುತ್ತಿ, ತಿರುವಿ ಬಿಟ್ಟ.

“ಹೂವಿಗೂ ತಂತಿ ಏನಣ್ಣಾ?” ಎಂದ ಮೌಲಾಸಾಬ ಕೆಳಗಿನಿಂದ.

“ಜಾರಬಾರದು ನೋಡಪಾ, ಅಷ್ಟ.”

ಸೀರೆ ಕುತ್ತಿಗೆಯವರೆಗಷ್ಟೇ, ಸರಳಿಗಿರಲಿಲ್ಲ; ತಣ್ಣಗಿದ್ದ ದೊಡ್ಡವ್ವ ಆಗ ಏನೂ ಹೇಳಲಿಲ್ಲ.

ಇನ್ನು ಉಳಿದದ್ದು ಅವರ ಗಿರಣಿಯ ಪದ್ಧತಿ. ಪೂಜೆಯ ದಿನ ಭತ್ತ ಹಾಕುವುದಿಲ್ಲ. ಬರಿದೇ ಒಲೆ ಹಚ್ಚಿ, ಉಗಿಯ ದಾರಿಗಳನ್ನೆಲ್ಲ ಮುಚ್ಚಿ, ವಾಲ್ವು ತಾನಾಗಿ ಏಳುವವರೆಗೆ ಕಾಯುತ್ತಾರೆ. ಅದು ಎದ್ದು ಬುಸ್ ಎಂದರೆ ಅವ್ವ ಪೂಜೆ ಒಪ್ಪಿದಳು, ವರ್ಷವೆಲ್ಲ ಸುಖ ಎಂದು ಅರ್ಥ. ಎಲ್ಲರೂ ಬಾಯ್ಲರಿನ ಮುಂದೆಯೇ ಕೈ ಮುಗಿದು ಕುಳಿತು ಆ ಉಸಿರಿಗಾಗಿ ಕಾಯುತ್ತಾರೆ. ಮಕ್ಕಳಿಗೆ ಅದೇ ಹಬ್ಬ.

ಮೌಲಾಸಾಬ ಒಲೆ ಹಚ್ಚಿದ. “ನೀ ನಡಿಯಣ್ಣಾ, ಹುಲಿಗೆವ್ವ ವೈನಿ ಹೋಳಿಗಿ ಮಾಡ್ಯಾಳಂತ. ಅವ್ವ ಉಸುರು ಬಿಟ್ರ ನಿನಗ ಮನ್ಯಾಗ ಗೊತ್ತಾಗ್ತೈತಿ.”

ಮನೆಯಲ್ಲಿ ಹುಲಿಗೆವ್ವ ಕುಡಗೋಲು, ಈಳಿಗೆ, ಒನಕೆ ಎಲ್ಲ ಸಾಲಾಗಿ ಇಟ್ಟು ಪೂಜೆ ಮಾಡಿದ್ದಳು. ಊಟವಾದ ಮೇಲೆ ಅರಿಶಿನ ಕೊಂಬು ಕಟ್ಟಿದ ನೂಲು ತಂದು ಗಂಡನ ಎದುರು ಕುಳಿತಳು.

“ಕೈ ಕೊಡ್ರಿ. ಬಲಗೈ. ಇದೂ ಆಯುಧನ, ಇದಕ್ಕೂ ಕಂಕಣ ಆಗಬೇಕು.” ನೂಲನ್ನು ನೋಡುತ್ತಲೇ ಕೇಳಿದಳು: “ಇವತ್ತೊಂದಿನ ಪಟ್ಟಿ ಮನಿ ಕಡೆ ತಿರುವ್ರೀ. ನಾ ಕಟ್ಟೋದು ನಿಮಗ ಗೊತ್ತಾಗಬೇಕು. ಇಷ್ಟ ಕೇಳ್ತೀನಿ.”

ಅವನು ಅಂಗಿಯ ತೋಳಿನೊಳಗೆ ಎಡಗೈ ಹಾಕಿದ. ಪಟ್ಟಿಯ ಮೇಲೆ ಬೆರಳಿಟ್ಟ. ಒಲೆ ಹತ್ತಿದೆ, ಉಗಿ ಏರುತ್ತಿದೆ, ಜನ ಮುಂದೆ ಕುಳಿತಿದ್ದಾರೆ. ಬೆರಳು ಅಲುಗಲಿಲ್ಲ.

“ತಿರುವಿದ್ರೇನು?”

“ಹೂಂ,” ಎಂದ.

ಅವನ ಬಾಳಿನಲ್ಲಿ ಸುಳ್ಳಾದ ಹೂಂ ಅದೊಂದೇ.

ಹುಲಿಗೆವ್ವ ಸೆರಗಿನಿಂದ ಕಣ್ಣೊರೆಸಿಕೊಂಡು ಮಣಿಕಟ್ಟಿಗೆ ನೂಲು ಸುತ್ತಿದಳು, ಗಂಟು ಹಾಕಿದಳು. ಅವನು ತಲೆ ತಗ್ಗಿಸಿದ್ದ. ಏನು ಹೇಳಬೇಕು, ಗೊತ್ತಾಯಿತು ಎನ್ನಲೇ? ಎರಡನೇ ಸುಳ್ಳಿಗೆ ನಾಲಿಗೆ ಏಳದೆ ಕುಳಿತಿದ್ದಾಗ ಮಣಿಕಟ್ಟಿನಲ್ಲಿ ಏನೋ ಆಯಿತು.

ಸಣ್ಣ ಬಿಗಿತ. ಸುತ್ತಲೂ ನೂಲಿನಷ್ಟು ತೆಳುವಾಗಿ ಒತ್ತಿದಂತೆ. ಅಲ್ಲೇ, ಕಂಕಣ ಇದ್ದಲ್ಲೇ.

ನಜ್ಮಾ ಮೇಡಂ ಒಮ್ಮೆ ಹೇಳಿದ್ದು ನೆನಪಾಯಿತು: ಹೊಸ ತೊಗಲಿನ ಕೆಳಗೆ ನರ ತಾನಾಗಿ ಚಿಗುರಿದರೂ ಚಿಗುರೀತು, ಯಾವಾಗ ಎಂದು ಹೇಳಲಾಗದು. ಪಟ್ಟಿ ತಿರುಗಿಸದೆಯೂ ಕೈ ಅರಿಯುತ್ತಿದೆ ಎಂದರೆ ಚಿಗುರಿದಂತೆಯೇ ಅಲ್ಲವೇ?

“ಹುಲಿಗೀ,” ಎಂದ. “ಗೊತ್ತಾಗಾಕತ್ತೈತಿ. ನೀ ಕಟ್ಟಿದ್ದು. ಖರೇನ ಗೊತ್ತಾಗಾಕತ್ತೈತಿ.”

ಅವಳು ಬಾಯಿಗೆ ಕೈ ಹಚ್ಚಿಕೊಂಡಳು. ಅವನು ಕಣ್ಣು ಮುಚ್ಚಿ ಗೋಡೆಗೆ ಒರಗಿದ. ಶ್ರಾವಣದ ಸಂಜೆಯಲ್ಲಿ ರಾಗ ಏರುವುದನ್ನು ಕೇಳುವವನಂತೆ ಕೇಳಿದ. ಬಿಗಿತ ಏರುತ್ತಿತ್ತು.

“ಚಲೋತಾಗ ಕಟ್ಟೀದಿ. ಸ್ವಲ್ಪ ಜಾಸ್ತಿನ ಬಿಗಿ ಆಗೈತಿ,” ಎಂದು ನಕ್ಕ.

“ಸಡ್ಲ ಮಾಡ್ಲೇನು?”

“ಮಾಡು.”

ಅವಳು ಗಂಟನ್ನು ಸಡಿಲಿಸಿದಳು. “ಈಗ?”

“ಇನ್ನೂ ಬಿಗಿ. ಮೊದಲಿಗಿಂತ ಜಾಸ್ತಿ.”

ಹುಲಿಗೆವ್ವ ಅವನ ಮುಚ್ಚಿದ ಕಣ್ಣುಗಳನ್ನು ನೋಡಿದಳು. ಆ ಮುಖದಲ್ಲಿ ಅಷ್ಟು ಸುಖವನ್ನು ಅವಳು ಬಹಳ ದಿನಗಳಿಂದ ಕಂಡಿರಲಿಲ್ಲ. ಮೆಲ್ಲಗೆ ನೂಲನ್ನು ಪೂರ್ತಿ ಬಿಚ್ಚಿ ತನ್ನ ಅಂಗೈಯಲ್ಲಿ ಹಿಡಿದುಕೊಂಡಳು.

“ಈಗ ಹೆಂಗೈತ್ರಿ?”

“ಕಡೀತೈತಿ, ಹುಲಿಗೀ. ಉರಿ ಹತ್ತೈತಿ.”

ಅವಳು ಅವನ ಅಂಗಿಯ ತೋಳನ್ನು ಮೇಲಕ್ಕೆ ಸರಿಸಿದಳು. ಪಟ್ಟಿಯ ಗುರುತು ಗಿರಣಿಯ ಕಡೆಗೇ ಇತ್ತು. ಒಂದು ಕ್ಷಣ, ಒಂದೇ ಒಂದು ಕ್ಷಣ, ಸುಮ್ಮನಿದ್ದುಬಿಡಬೇಕು ಎನಿಸಿತು. ಆಮೇಲೆ ಅವಳು ಅವನ ಭುಜ ಹಿಡಿದು ಅಲುಗಿಸಿದಳು.

“ಕಣ್ಣು ತೆಗೀರಿ. ಕಂಕಣ ನನ್ನ ಕೈಯಾಗೈತಿ. ನಿಮ್ಮ ಕೈಯಾಗ ಏನೂ ಇಲ್ಲ. ಆಕಿ ಕರಿಯಾಕತ್ಯಾಳ, ಏಳ್ರಿ!”

ಯಮನೂರಪ್ಪ ಬರಿದಾದ ಮಣಿಕಟ್ಟನ್ನು ನೋಡಿದ. ಮಣಿಕಟ್ಟು ಎಂದರೆ ವಾಲ್ವಿನ ಕುತ್ತಿಗೆ. ಕುತ್ತಿಗೆಗೆ ಹಾರ. ಹಾರಕ್ಕೆ ತಂತಿ.

“ನಾನ ಕಟ್ಟೀನಿ,” ಎಂದ. “ನಾನ ಕಟ್ಟೀನಲ್ಲ!”

ಫೋನು ಅಷ್ಟರಲ್ಲಿ ಹುಲಿಗೆವ್ವನ ಕೈಯಲ್ಲಿತ್ತು.

ಗಿರಣಿಯಲ್ಲಿ ಮೀಟರಿನ ಮುಳ್ಳು ಕೆಂಪು ಗೆರೆ ದಾಟಿ ನಿಂತಿತ್ತು. ಯಾರಿಗೂ ಭಯವಿರಲಿಲ್ಲ. ವಾಲ್ವು ಇದ್ದೇ ಇದೆ, ಕೂಗುವ ಪರದೆ ಸುಮ್ಮನಿದೆ. “ಅವ್ವ ಮುನಿಸಿಕೊಂಡಾಳ, ಇನ್ನೊಂದು ಕಾಯಿ ಒಡೀರಿ,” ಎಂದು ಹಿರಿಯಳೊಬ್ಬಳು ಅಂದಿದ್ದಳು. ಕಾಯಿ ಒಡೆದೂ ಆಗಿತ್ತು. ಮಕ್ಕಳನ್ನು ಇನ್ನಷ್ಟು ಮುಂದೆ ತಂದು ಕೂರಿಸಿದ್ದರು.

“ಮೌಲಾ!” ಫೋನಿನಲ್ಲಿ ಯಮನೂರಪ್ಪನ ದನಿ ಅವನಿಗೇ ಗುರುತು ಸಿಗದಷ್ಟು ದೊಡ್ಡದಾಗಿತ್ತು. “ಜನಾನ ಹೊರಗ ಹಾಕು. ವಾಲ್ವ್ ಏಳಂಗಿಲ್ಲ, ನಾ ಕಟ್ಟಿಬಿಟ್ಟೀನಿ. ಬೆಂಕಿ ಎಳಿ, ಹೊಟ್ಟು ನಿಲ್ಲಿಸು. ಉಗೀನ ಭತ್ತ ಬೇಯಿಸೋ ಹಂಡೆದಾಗ ಬಿಡು, ಮೆಲ್ಲಕ, ಜರ್ ಅಂತ ತಿರುವಬ್ಯಾಡ!”

ಮೌಲಾಸಾಬ ಏನು ಎತ್ತ ಎಂದು ಕೇಳಲಿಲ್ಲ. ಇದ್ದ ಬುಟ್ಟಿ, ಇದ್ದ ಚಪ್ಪಲಿ ಅಲ್ಲೇ ಬಿಟ್ಟು ಜನ ಓಡಿದರು. ಅವನು ಉದ್ದನೆಯ ಕೊಂಡಿಯಿಂದ ಉರಿಯುವ ಹೊಟ್ಟನ್ನು ನೆಲಕ್ಕೆ ಎಳೆದುಹಾಕಿದ. ಹಂಡೆಯ ದಾರಿಯನ್ನು ಕೂದಲೆಳೆಯಷ್ಟು ತೆರೆದ. ಮತ್ತಷ್ಟು ತೆರೆದ. ಖಾಲಿ ಹಂಡೆಗಳು ಗುಡುಗಿದವು.

ದಾರಿಯಲ್ಲಿ ಬೈಕು ಓಡಿಸುತ್ತಿದ್ದವಳು ಹುಲಿಗೆವ್ವ. ಹಿಂದೆ ಕುಳಿತವನು ಮಣಿಕಟ್ಟನ್ನು ಎದೆಗೆ ಒತ್ತಿಕೊಂಡಿದ್ದ. ತಂತಿ ಎಲುಬಿಗೆ ಇಳಿದಂತಿತ್ತು. ಪಟ್ಟಿಯನ್ನು ಒಮ್ಮೆ ತಿರುಗಿಸಿದ್ದರೆ ನೋವು ಆ ಕ್ಷಣವೇ ನಿಲ್ಲುತ್ತಿತ್ತು. “ಹೂಂ, ಅವ್ವ. ಹೂಂ. ಕೇಳಾಕತ್ತೀನಿ, ಹೇಳು,” ಎಂದು ಅವನು ಅವಳ ಬೆನ್ನಿಗೆ ಹಣೆ ಹಚ್ಚಿ ಗೊಣಗುತ್ತಿದ್ದ. ಕಾಲುವೆಯ ಸೇತುವೆ ದಾಟುವಾಗ ಬಿಗಿತ ಏರುವುದು ನಿಂತಿತು. ಗೇಟು ಬರುವಷ್ಟರಲ್ಲಿ ಒಂದು ಎಳೆಯಷ್ಟು ಇಳಿಯಿತು.

ಬಾಯ್ಲರ್ ಮನೆಯಲ್ಲಿ ಮೌಲಾಸಾಬ ಒಬ್ಬನೇ ಇದ್ದ, ಮುಖವೆಲ್ಲ ಮಸಿ. “ಮುಳ್ಳು ಇಳೀತಣ್ಣಾ,” ಎಂದ.

“ಇನ್ನೂ ಸ್ವಲ್ಪ ತಡಿ. ನನಗ ಇನ್ನೂ ಕಡೀತೈತಿ.”

ಇಬ್ಬರೂ ಕಾದರು. ಮಣಿಕಟ್ಟು ಬರೇ ನೂಲಿನಷ್ಟು ಬಿಗಿಯಾದಾಗ ಯಮನೂರಪ್ಪ ಏಣಿ ಹತ್ತಿದ. ಬಾಡಿದ ಚೆಂಡು ಹೂಗಳ ನಡುವೆ ಅವನದೇ ತಂತಿ, ಅವನದೇ ತಿರುವು. ಇಕ್ಕಳ ಹಚ್ಚಿ ಕತ್ತರಿಸಿದ. ಹಾರ ಜಾರಿ ಕೆಳಗೆ ಬಿತ್ತು. ಮಣಿಕಟ್ಟು ಸಡಿಲವಾಯಿತು, ಬಿಗಿಹಿಡಿದ ಕೈಯನ್ನು ಯಾರೋ ಬಿಟ್ಟ ಹಾಗೆ.

ಸಂಜೆಯ ಹೊತ್ತಿಗೆ ನಜ್ಮಾ ಹೊಸಪೇಟೆಯಿಂದ ಓಡಿ ಬಂದರು. “ಬಾಯಿ ಮುಚ್ಚಿಸಿದ್ದು ನಾನು, ಕಾಕಾ,” ಎಂದು ನಿಂತಲ್ಲೇ ಅತ್ತರು. “ಕೊರಳು ಕಟ್ಟಿದ್ದು ನಾನು, ಮೇಡಮ್ಮಾರ,” ಎಂದ ಅವನು. “ಅಳಬ್ಯಾಡ್ರಿ. ಚಹಾ ಕುಡೀರಿ.”

ಕಂಕಣದ ಸಂಗತಿ ಕೇಳಿದ ಮೌಲಾಸಾಬ ಚಹಾ ಕುಡಿಯುತ್ತ ತನ್ನ ತೋಳನ್ನು ಮುಂದೆ ಚಾಚಿದ. “ನನಗೂ ಒಂದು ಪಟ್ಟಿ ಕಟ್ರಿ ಮೇಡಂ. ನನ್ನ ತೊಗಲು ಹಳೇದು, ಸುಟ್ಟಿಲ್ಲ. ಕಾಲು ಭಾಗ ಕೇಳಿದ್ರೂ ಕೇಳೀತು.”

“ನಿನಗ್ಯಾಕಪಾ ಈ ಉರಿ?” ಎಂದ ಯಮನೂರಪ್ಪ.

“ಇವತ್ತು ನೋಡಿದಿಯಲ್ಲ ಯಣ್ಣಾ? ಒಬ್ಬನ ಕೇಳಾಕತ್ರ ತನಗ ಬೇಕಾದ್ದ ಕೇಳಿಸ್ತೈತಿ. ಇಬ್ಬರಿದ್ರ ಒಬ್ಬರಾದ್ರೂ ಎಚ್ಚರ ಇರ್ತಾರ. ಪಾಳಿ ಹಚ್ಚೂಣು. ನಾ ಹೂಂ ಅನ್ನೋವಾಗ ನೀ ಮನಿಗೆ ಹೋಗು. ಸಣ್ಣೆಪ್ಪಣ್ಣಗ ಆ ಹೊತ್ತಿನಾಗ ಇನ್ನೊಬ್ಬ ಜೊತಿಗಾರ ಇದ್ದಿದ್ರ ಆತಿತ್ತಲ್ಲ, ಹಂಗ ನಿನಗ ನಾ ಅದೀನಿ.”

ಯಮನೂರಪ್ಪ ಚಹಾದ ಕಪ್ ಕೆಳಗಿಟ್ಟ. ಹೂಂ ಎನ್ನಲು ಈ ಸಲ ತಡವಾಯಿತು. ಆದರೆ ಅಂದ.

ಪಟ್ಟಿ ಬರಲು ದೀಪಾವಳಿಯಾಯಿತು. ಮೌಲಾಸಾಬನ ಮೊದಲ ಪಾಳಿಯ ಸಂಜೆ ಯಮನೂರಪ್ಪ ಮನೆಗೆ ಬಂದು, ಅಂಗಳದಲ್ಲಿ ಕಾಲು ತೊಳೆದು, ಅಡುಗೆಮನೆಯ ಹೊಸ್ತಿಲಲ್ಲಿ ನಿಂತ. ಹುಲಿಗೆವ್ವ ರೊಟ್ಟಿ ಬಡಿಯುತ್ತಿದ್ದಳು.

“ಹುಲಿಗೀ, ಆ ಕಂಕಣ ಇಟ್ಟೀಯೇನು?”

ಅವಳು ತಿರುಗಿ ನೋಡಲಿಲ್ಲ. “ದೇವರ ಗೂಡಿನಾಗೈತಿ. ಯಾಕ, ನಿಮ್ಮ ಸವತಿಗೆ ಕಟ್ಟೂದೈತೇನು?”

ಅವನು ನೂಲನ್ನು ತಂದು ಅವಳ ಎದುರು ಕುಳಿತ. ಅಂಗಿಯ ತೋಳನ್ನು ಭುಜದವರೆಗೆ ಏರಿಸಿ, ಅವಳು ನೋಡುತ್ತಿದ್ದಂತೆ, ಪಟ್ಟಿಯನ್ನು ತಿರುಗಿಸಿದ. ಬಲಗೈ ಒಮ್ಮೆಗೇ ನಿಶ್ಶಬ್ದವಾಯಿತು. ಒಲೆಯಿಲ್ಲ, ಕೊಳವೆಯಿಲ್ಲ, ಉಗಿಯಿಲ್ಲ. ದೊಡ್ಡವ್ವ ಇನ್ನೊಬ್ಬನ ಕೈಗೆ ಹೋಗಿದ್ದಳು. ಅವನಿಗೆ ಹೆದರಿಕೆಯಾಯಿತು; ಕೈಯನ್ನು ಅವಳ ಮುಂದೆ ಚಾಚಿದ.

ಹಿಟ್ಟು ಮೆತ್ತಿದ ಬೆರಳುಗಳು ಬಂದು ಅದನ್ನು ಹಿಡಿದುಕೊಂಡವು. ಒರಟಾಗಿದ್ದವು, ಬಿಸಿಯಾಗಿದ್ದವು, ಹೆಬ್ಬೆರಳಿನಲ್ಲಿ ಈಳಿಗೆಯ ಹಳೆಯ ಗಾಯದ ಗೆರೆಯೊಂದಿತ್ತು. ಆ ಗೆರೆಯನ್ನು ಅವನು ಮರೆತೇಬಿಟ್ಟಿದ್ದ. ನೂಲು ಸುತ್ತಿತು. ಗಂಟು ಬಿತ್ತು.

“ಬಿಗಿ ಆತೇನು?” ಎಂದಳು ಹುಲಿಗೆವ್ವ, ಮುಖ ಮೇಲೆತ್ತದೆ. “ಸಡ್ಲ ಮಾಡ್ಲೇನು?”

“ಬ್ಯಾಡ,” ಎಂದ ಯಮನೂರಪ್ಪ. “ಇರಲಿ.”

ಹಂಚಿನ ಮೇಲೆ ರೊಟ್ಟಿ ಹೊತ್ತಿತು. ಇಬ್ಬರಿಗೂ ಗೊತ್ತಾಗಲಿಲ್ಲ.